ನಲವತ್ತು ತುಂಬುವ ಮೊದಲು

ಸೆಪ್ಟೆಂಬರ್ ಮೂವತ್ತನೇ ತಾರೀಖು, ಸಂಜೆ ಐದೂವರೆಗೆ, ಹುಲ್ಲುಬಯಲ ನಡುವಿನ ಗಣಿಯೂರಾದ ಕರಗಂಡಿ ನಗರದ ನಮ್ಮ ಐದು ಮಹಡಿಯ ಕಟ್ಟಡದ ಮೂರನೇ ಬಾಗಿಲಿನ ನಿವಾಸಿಗಳು ಮೆಟ್ಟಿಲುಗಳ ಮೇಲೆ ನೆರೆದು, ಅಂಗಳದ ಬೆಕ್ಕಿನ ಸಮಕ್ಷಮದಲ್ಲಿ, ಯುದ್ಧ ಘೋಷಿಸಿದರು. ಮುಂದಿನವರು ಈ ವಿಷಯದಲ್ಲಿ ತಮಗೆ ತೋಚಿದ್ದು ಬರೆಯದಿರಲೆಂದು ನಾನೇ ಬರೆದಿಡುತ್ತಿದ್ದೇನೆ. ಶತ್ರುವಿನ ಹೆಸರು ಜಿರಲೆ. ನಮ್ಮ ಕಡೆಯ ಸೇನಾಪತಿ ನಾನು.

ಕಟ್ಟಡಕ್ಕೆ ನಾಲ್ಕು ಬಾಗಿಲು. ಒಂದೊಂದು ಬಾಗಿಲಿನೊಳಗೆ ಒಂದು ಮೆಟ್ಟಿಲಸಾಲು, ಹದಿನೈದು ಮನೆ. ಬಾಗಿಲಿಗೊಬ್ಬ ಹಿರಿಯನನ್ನು ಆರಿಸುವುದು ವಾಡಿಕೆ. ಬಲ್ಬು ಹೋದರೆ, ಕೊಳಾಯಿ ಸೋರಿದರೆ, ಪಾರಿವಾಳ ಗಲೀಜು ಮಾಡಿದರೆ ಬೈಸಿಕೊಳ್ಳುವುದು ಅವನ ಕೆಲಸ. ನಾನು ಮೂವತ್ತೊಂದು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವನು. ಇನ್ನೊಬ್ಬರ ತಪ್ಪಿಗೆ ಬೈಸಿಕೊಂಡು ಅಭ್ಯಾಸವಿದೆಯೆಂದು ನನ್ನನ್ನೇ ಆರಿಸಿದ್ದರು.

"ಅಗಾ, ಈ ಕಿವಿ ನೋಡಿ," ಎಂದು, ಅಣ್ಣನೆನ್ನುವ ನಮ್ಮ ಕಡೆಯ ಮಾತಿನಿಂದ ನನ್ನನ್ನು ಕರೆದು, ಮೊದಲ ಮಹಡಿಯ ಅಯ್‌ನಾಶ್ ತನ್ನ ಎಂಟು ತಿಂಗಳ ಕೂಸನ್ನು ಸಾಕ್ಷಿಗೆ ಕರೆತಂದವಳಂತೆ ಎತ್ತಿ ಹಿಡಿದಳು. "ಇದರೊಳಗೆ ಹೊಕ್ಕಿತ್ತು. ಇದರೊಳಗೆ! ಡಾಕ್ಟರು ಎಣ್ಣೆ ಬಿಟ್ಟು ತೆಗೆದ್ರು. ಮೂರು ದಿನ ಮಗು ಬಾಯಿ ಮುಚ್ಚಿಲ್ಲ. ಇನ್ನೂ ಯೋಚನೆ ಮಾಡ್ತಾ ಕೂರೋದಾ ನಾವು?"

"ಇಲ್ಲಿ ಯಾರೂ ಯೋಚನೆ ಮಾಡ್ತಿಲ್ಲಮ್ಮ," ಎಂದೆ. ಸಭೆಯ ಮಟ್ಟಿಗೆ ಅದು ನಿಜವೇ ಆಗಿತ್ತು.

"ನನ್ನ ಮಲಗೋ ಕೋಣೆಗೂ ಬರೋಕ್ ಶುರು ಮಾಡಿವೆ," ಎಂದರು ಐದನೇ ಮಹಡಿಯ ಲಿದಿಯಾ ಪಾವ್ಲೊವ್ನಾ. "ನಮ್ಮ ಯಜಮಾನ್ರು ಹೋದ್ಮೇಲೆ ಆ ಕೋಣೆಗೆ ಒಂದು ಗಂಡುಪ್ರಾಣಿ ಕಾಲಿಟ್ಟಿರ್ಲಿಲ್ಲ."

"ಗಂಡೋ ಹೆಣ್ಣೋ ಹೆಂಗೆ ಗೊತ್ತಾಯ್ತು?" ಎಂದು ಯಾರೋ ಕೇಳಿದರು.

"ಹೇಳದೆ ಕೇಳದೆ ಬರ್ತವೆ, ತಿಂದು ಎದ್ದು ಹೋಗ್ತವೆ. ಗೊತ್ತಾಗಲ್ವಾ?"

ಹಳೆಯ ಉಪಾಯಗಳನ್ನೆಲ್ಲ ಮಾಡಿ ನೋಡಿದ್ದಾಗಿತ್ತು. ಬೇಯಿಸಿದ ಮೊಟ್ಟೆಯ ಹಳದಿಗೆ ಬೋರಿಕ್ ಪುಡಿ ಕಲಸಿ ಉಂಡೆ ಕಟ್ಟಿ ಮೂಲೆಮೂಲೆಗೆ ಇಟ್ಟೆವು. ಜಿರಲೆಗಳು ಹಳದಿ ತಿಂದು ಪುಡಿ ಬಿಟ್ಟವು. ನಮ್ಮ ಅಜ್ಜಿಯರ ಕಾಲದಲ್ಲಿ ಚಳಿಗಾಲ ನಡುವಿಗೆ ಬಂದಾಗ ಮನೆಯ ಕಿಟಕಿ ಬಾಗಿಲುಗಳನ್ನು ಪೂರಾ ತೆರೆದಿಟ್ಟು ಎರಡು ದಿನ ನೆಂಟರ ಮನೆಗೆ ಹೋಗಿಬಿಡುತ್ತಿದ್ದರು. ಮರಳಿ ಬಂದಾಗ ಗುಡಿಸಿ ಹಾಕುವ ಕೆಲಸವಷ್ಟೇ ಉಳಿದಿರುತ್ತಿತ್ತು. ಈಗ ಹಾಗೆ ಮಾಡಿದರೆ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆದು, ಸಾಯುವವರು ಜಿರಲೆಗಳಲ್ಲ, ನಾವು. ಆದ್ದರಿಂದ ವೃತ್ತಿನಿರತನೊಬ್ಬನನ್ನು ಕರೆಸಬೇಕೆಂದು ತೀರ್ಮಾನವಾಯಿತು. ಅವನ ಹೆಸರು ಗೆನ್ನಾದಿ ನಿಗಾಯ್, ಕೊರಿಯಾ ಮೂಲದವನು. ಅವನ ತಾತಂದಿರನ್ನು ಒಂದು ಕಾಲದ ಸರ್ಕಾರ ರೈಲಿನಲ್ಲಿ ತುಂಬಿ ತಂದು ನಮ್ಮ ಬಯಲಲ್ಲಿ ಇಳಿಸಿದ ಮೇಲೆ ಅವರು ಇಲ್ಲಿಯವರೇ ಆದರು. ಫೋನಿನಲ್ಲಿ ಅವನು ಎರಡು ಷರತ್ತು ಹಾಕಿದ.

"ಅಕ್ಟೋಬರ್ ಎಂಟು, ಶುಕ್ರವಾರ. ಆಮೇಲೆ ಆಗಲ್ಲ. ಹದಿನೈದಕ್ಕೆ ಮನೆ ಕಾಯಿಸೋ ಕೊಳವೆಗೆ ಬಿಸಿನೀರು ಬಿಡ್ತಾರೆ, ನೀವೆಲ್ಲ ಚಳಿಗೆ ಕಿಟಕಿ ಸಂದಿಗೆ ಕಾಗದ ಅಂಟಿಸ್ಕೊಂಡು ಕೂತ್ಬಿಡ್ತೀರಾ. ಗಾಳಿ ಆಡದೆ ನಾನು ಔಷಧಿ ಹೊಡೆಯಲ್ಲ. ಎರಡನೇದು, ಹದಿನೈದಕ್ಕೆ ಹದಿನೈದೂ ಮನೆ. ಒಂದು ಬಿಟ್ರೂ ಬರಲ್ಲ. ಎಲ್ಲಾ ಆ ಒಂದು ಮನೆಗೆ ಹೋಗಿ ಕೂತ್ಕೊಂಡು, ತಿಂಗಳಾದ್ಮೇಲೆ ಮಕ್ಕಳುಮರಿ ಸಮೇತ ವಾಪಸ್ ಬರ್ತವೆ. ಆಗ ಬೈಸ್ಕೊಳೋನು ನಾನು."

ಸಭೆಯಲ್ಲಿ ಇದ್ದದ್ದು ಹದಿನಾಲ್ಕು ಮನೆಯವರು. ಹದಿನೈದನೆಯದು ಮೂರನೇ ಮಹಡಿಯ ರಾಬಿಗಾಳ ಮನೆ. ಅವಳ ಗಂಡ ಸಪಾರ್ಗಲಿ ತೀರಿಕೊಂಡು ಹದಿನೆಂಟು ದಿನವಾಗಿತ್ತು.

"ನೀವೇ ಹೋಗಿ ಹೇಳಿ ಅಗಾ," ಎಂದಳು ಅಯ್‌ನಾಶ್. "ನಿಮ್ಮ ಸ್ನೇಹಿತರ ಮನೆ ಅಲ್ವಾ."

ಸ್ನೇಹಿತನ ಮನೆಯೇ. ಸಪಾರ್ಗಲಿ ಗಣಿಯ ಗಾಳಿಯಲ್ಲಿ ಅನಿಲ ಸೇರಿದೆಯೇ ಎಂದು ನೋಡುವ ವಿಭಾಗದಲ್ಲಿದ್ದವನು. ನೆಲದ ಕೆಳಗೆ ಏಳುನೂರು ಮೀಟರಿನಲ್ಲಿ ಯಾರೂ ಬೆಂಕಿಕಡ್ಡಿ ಗೀರದಂತೆ ನೋಡಿಕೊಳ್ಳುವುದರಲ್ಲೇ ಅವನ ಆಯುಷ್ಯ ಕಳೆದಿತ್ತು. ಇಪ್ಪತ್ತಾರು ವರ್ಷ ಭಾನುವಾರ ತಪ್ಪದೆ ನಾವಿಬ್ಬರೂ ಚದುರಂಗ ಆಡಿದ್ದೆವು. ನನಗಿಂತ ನಾಲ್ಕು ವರ್ಷ ದೊಡ್ಡವನಾದ್ದರಿಂದ ಅವನ ಹೆಂಡತಿ ನನಗೆ ಅತ್ತಿಗೆ. ಸೊಸೆಯಾಗಿ ಬಂದವಳು ಗಂಡನ ಕಡೆಯ ಗಂಡಸರ ಹೆಸರು ಹಿಡಿಯುವಂತಿಲ್ಲವಲ್ಲ, ಹಾಗಾಗಿ ಒಬ್ಬೊಬ್ಬರಿಗೂ ಒಂದು ಅಡ್ಡಹೆಸರು ಇಡುತ್ತಾಳೆ. ನನಗೆ ಇಟ್ಟದ್ದು ಕೆಂಪಿಂಕು.

ಮರುದಿನ ಬೆಳಿಗ್ಗೆ ಎಂಟಕ್ಕೇ ಹೋದೆ. ಶುಕ್ರವಾರ. ಅಡುಗೆಮನೆಯಲ್ಲಿ ಕಾದ ಎಣ್ಣೆಯ ಘಮ. ಸತ್ತವರಿಗೆ ಮುಟ್ಟುವುದು ಎಣ್ಣೆಯ ಪರಿಮಳವೊಂದೇ. ಅದಕ್ಕಾಗಿ ಶುಕ್ರವಾರ ಏಳು ರೊಟ್ಟಿ ಕರಿದು ನೆರೆಮನೆಗಳಿಗೆ ಹಂಚುತ್ತೇವೆ. ಅವಳು ಈಗ ಕರಿಯುತ್ತಿದ್ದದ್ದು ದಿನಾ. ಎಣ್ಣೆಯ ಪರಿಮಳ ಸತ್ತವರಿಗೆ ಎಷ್ಟು ಮುಟ್ಟುತ್ತದೋ ನನಗೆ ತಿಳಿಯದು. ಐದೂ ಮಹಡಿಯ ಜಿರಲೆಗಳಿಗೆ ಮಾತ್ರ ಚೆನ್ನಾಗಿ ಮುಟ್ಟುತ್ತಿತ್ತು. ಹಾಡುಹಗಲೇ ಮೂರು ಜಿರಲೆಗಳು ಒಲೆಯ ಹಿಂದಿನ ಗೋಡೆಯ ಮೇಲೆ, ಬಸ್ಸಿಗೆ ಕಾಯುವವರ ಹಾಗೆ, ಸುಮ್ಮನೆ ನಿಂತಿದ್ದವು. ಕಿಟಕಿಯ ಪಕ್ಕ ಒಂದು ಬಟ್ಟಲಲ್ಲಿ ತುಪ್ಪದ ಬತ್ತಿ ಉರಿಯುತ್ತಿತ್ತು. ನಲವತ್ತು ದಿನ ಅದು ಆರಬಾರದು. ಹೋದವನು ಆ ಬೆಳಕು ನೋಡಿ ಮನೆಗೆ ಬಂದುಹೋಗುತ್ತಿರುತ್ತಾನೆ.

"ಕೂತ್ಕೋ ಕೆಂಪಿಂಕು," ಎಂದಳು. "ಏನು, ಕಮಿಟಿ ಕಳಿಸ್ತಾ?"

"ಹೂಂ ಅತ್ತಿಗೆ. ಜಿರಲೆ ವಿಷಯ."

"ಗೊತ್ತು. ಆ ಹುಡುಗಿ ಅಯ್‌ನಾಶ್ ಬಾಗಿಲ ಹತ್ರ ನಿಂತ್ಕೊಂಡು ಮಗೂಗೆ ಹೇಳೋ ಹಾಗೆ ನನಗೆ ಹೇಳಿ ಹೋದ್ಲು. 'ನಿನ್ನ ಕಿವಿ ಯಾರಿಗೂ ಬೇಡ ಚಿನ್ನಾ' ಅಂತ." ಅವಳು ಚಹಾ ಬಟ್ಟಲನ್ನು ನನ್ನ ಮುಂದಿಟ್ಟಳು. "ಅವಳ ತಪ್ಪಿಲ್ಲ. ನನ್ನ ಮಗುವಾಗಿದ್ರೆ ನಾನೂ ಕಟ್ಟಡಕ್ಕೇ ಬೆಂಕಿ ಹಚ್ಚಿರ್ತಿದ್ದೆ. ಆದ್ರೆ ಇನ್ನೊಂದಿಷ್ಟು ದಿನ ಕೊಡಿ ನನಗೆ. ನಲವತ್ತು ತುಂಬೋವರೆಗೂ ಈ ಮನೇಲಿ ಒಂದು ಜೀವಾನೂ ಹೋಗ್ಬಾರ್ದು. ಆಮೇಲೆ ಏನ್ ಬೇಕಾದ್ರೂ ಹೊಡೀರಿ, ನಾನೇ ಪೊರಕೆ ಹಿಡ್ಕೊಂಡು ನಿಲ್ತೀನಿ."

"ಆದ್ರೆ ಅತ್ತಿಗೆ, ಇವು ಜಿರಲೆ."

"ಜಿರಲೇನೇ. ನಾನೇನು ಅವ್ರು ಜಿರಲೆಯಾಗಿ ಬಂದಿದಾರೆ ಅಂದ್ನಾ? ನಂಗಿನ್ನೂ ಅಷ್ಟು ಬುದ್ಧಿ ಕೆಟ್ಟಿಲ್ಲ." ಒಲೆಯ ಉರಿ ತಗ್ಗಿಸಿದಳು. "ಬೇಸಿಗೆ ಪೂರ್ತಿ ಅವ್ರು ಇಲ್ಲೇ ಮಲಗಿದ್ರಲ್ಲ, ಈ ಮಂಚದ ಮೇಲೆ. ಬಿಸಿನೀರಿನ ಕೊಳವೆ ಪಕ್ಕ. ಒಳಗಿನ ಕೋಣೇಲಿ ಉಸಿರು ಕಟ್ಟತ್ತೆ ಅನ್ನೋರು. ಬೆಳಿಗ್ಗೆ ಚಹಾ ಹೊತ್ತಿಗೆ ಆ ಕೊಳವೆ ಗುಂಟ ಒಂದು ಬರ್ತಿತ್ತು. ಒಂದು ಮೀಸೆ ಮೋಟು ಅದಕ್ಕೆ. ಅದಕ್ಕೆ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟಿದ್ರು. 'ಬಂದ್ರಪ್ಪ ಇನ್‌ಸ್ಪೆಕ್ಟರು, ಗಾಳಿ ಹೆಂಗಿದೆ ನೋಡ್ಕೊಂಡು ಹೋಗೋಕೆ' ಅನ್ನೋರು. ಸಕ್ಕರೆ ಚೂರು ಇಡೋರು. ನಾನು ಚಪ್ಪಲಿ ಎತ್ತಿದ್ರೆ, 'ಬಿಡೇ ಮಾರಾಯ್ತಿ, ನೋಡ್ಕೊಂಡು ಹೋಗೋಕೆ ಬಂದಿದೆ, ಯಾರು ಬರ್ತಾರೆ ಇಲ್ಲಿಗೆ' ಅನ್ನೋರು."

ನೀನು ಕೊನೆಯ ಸಲ ಯಾವಾಗ ಬಂದಿದ್ದೆ ಎಂದು ಅವಳು ಕೇಳಲಿಲ್ಲ. ಲೆಕ್ಕ ನಾನೇ ಹಾಕಿದೆ. ಮೇ ಒಂಬತ್ತು. ಅಂದು ಸಪಾರ್ಗಲಿ ಚದುರಂಗದ ಕುದುರೆಯನ್ನು ಕೈಗೆತ್ತಿಕೊಂಡು, ಯಾವ ಮನೆಗೆಂದು ಮರೆತು, ಅದನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆಹೋಗಿದ್ದ. ನಾನು ನಾಲ್ಕನೇ ಮಹಡಿಯಲ್ಲಿರುವವನು. ನಮ್ಮಿಬ್ಬರ ನಡುವೆ ಹದಿನೆಂಟು ಮೆಟ್ಟಿಲು. ಅವನ್ನು ಇಳಿಯದಿರಲು ನಾಲ್ಕು ತಿಂಗಳ ಕಾಲ ನಾನು ಹುಡುಕಿಕೊಂಡ ಕಾರಣಗಳನ್ನು ಅಚ್ಚು ಹಾಕಿಸಿದರೆ ಒಂದು ಸಣ್ಣ ಹೊತ್ತಗೆಯಾದೀತು. ಅವನಿಗೆ ಪುಸ್ತಕಗಳನ್ನು ಕಳಿಸುತ್ತಿದ್ದೆ. ಕಣ್ಣು ಮಂಜಾದವನಿಗೆ ದಪ್ಪ ಪುಸ್ತಕ ಕಳಿಸಿ ಕರ್ತವ್ಯ ಮುಗಿಯಿತೆಂದುಕೊಳ್ಳುವುದು ಓದಿದವರಿಗೆ ಮಾತ್ರ ಸಾಧ್ಯ.

"ಆಯ್ತು ಅತ್ತಿಗೆ," ಎಂದೆ. "ನಿಮ್ಮನೇಗೆ ಯಾರೂ ಬರಲ್ಲ."

"ಮಾತು?"

"ಮಾತು."

ಕೆಳಗಿಳಿದು ಬಂದಾಗ ಅಯ್‌ನಾಶ್ ಬಾಗಿಲಲ್ಲೇ ಕಾಯುತ್ತಿದ್ದಳು. ಕೂಸು ಅವಳ ಭುಜಕ್ಕೆ ಒರಗಿತ್ತು; ಕಿವಿಗೆ ಹತ್ತಿ.

"ಏನಂದ್ರು ರಾಬಿಗಾ ಅಪಾ?"

ನಾನು ಹತ್ತಿಯನ್ನು ನೋಡಿದೆ. "ಒಪ್ಪಿದ್ರು," ಎಂದೆ.

ಯಾಕೆ ಹಾಗಂದೆ ಎಂಬುದಕ್ಕೆ ಆಗ ನನ್ನ ಬಳಿ ಒಳ್ಳೆಯ ಕಾರಣವಿತ್ತು. ಒಪ್ಪಲಿಲ್ಲವೆಂದರೆ ಹದಿನಾಲ್ಕು ಮನೆಯವರೂ ಸರದಿಯಲ್ಲಿ ಹೋಗಿ ಅವಳ ಬಾಗಿಲು ಬಡಿಯುತ್ತಾರೆ, ದುಃಖದಲ್ಲಿರುವ ಹೆಂಗಸು, ಅದರ ಬದಲು ನಾನೇ ನಿಗಾಯ್‌ಗೆ ಹೇಳಿ ಸದ್ದಿಲ್ಲದೆ ಅವಳ ಮನೆಯೊಂದನ್ನು ಬಿಡಿಸಿದರಾಯಿತು ಎಂದುಕೊಂಡೆ. ಇಬ್ಬರಿಗೂ ಹೂಂ ಅಂದವನು ಇಬ್ಬರನ್ನೂ ಕಾಪಾಡುತ್ತಿದ್ದೇನೆ ಎಂದು ನಂಬುವುದು ಸಹಜ.

ಎಂಟನೇ ತಾರೀಖು ಶುಕ್ರವಾರ. ಶುಕ್ರವಾರ ಬೆಳಿಗ್ಗೆ ರಾಬಿಗಾ ಅಳಿಯನ ಕಾರಿನಲ್ಲಿ ಊರಾಚೆಯ ಸ್ಮಶಾನಕ್ಕೆ ಹೋಗಿ ಸಂಜೆ ಬರುತ್ತಾಳೆಂಬುದು ನನಗೆ ಹೊಳೆದಿರಲಿಲ್ಲ ಎಂದು ಬರೆಯಬಹುದು. ಹೊಳೆದಿತ್ತು. ಒಂಬತ್ತು ಗಂಟೆಗೆ ಅವಳೇ ಮೇಲೆ ಬಂದು ಬೀಗದ ಕೈ ಕೊಟ್ಟಳು.

"ದೀಪ ನೋಡ್ಕೋತಾ ಇರು. ತುಪ್ಪ ಕಮ್ಮಿಯಾದ್ರೆ ಪಕ್ಕದಲ್ಲೇ ಡಬ್ಬಿ ಇದೆ, ಒಂದು ಚಮಚ ಹಾಕು. ಬತ್ತಿ ಮುಟ್ಟಬೇಡ, ನಿನ್ನ ಕೈ ನಡುಗತ್ತೆ." ತಲೆವಸ್ತ್ರ ಬಿಗಿದು ಕಟ್ಟಿಕೊಂಡಳು. "ಇವತ್ತೇ ಅಲ್ವಾ ನಿಮ್ಮ ಯುದ್ಧ? ನಿಮ್ಮನೆಗಳಿಂದ ಓಡಿಬರೋವಕ್ಕೆಲ್ಲ ನಮ್ಮನೇಲಿ ಜಾಗ ಇದೆ ಅಂತ ಹೇಳಿಬಿಡು. ಹದಿನಾಲ್ಕು ದಿನದ ಮಟ್ಟಿಗೆ. ಆಮೇಲೆ ನಾನೂ ನಿಮ್ಮ ಕಡೆಗೇ."

ಹನ್ನೊಂದಕ್ಕೆ ನಿಗಾಯ್ ಬಂದ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಬೆನ್ನ ಮೇಲೆ ಹಿತ್ತಾಳೆಯ ಸಿಲಿಂಡರು. ಐದನೇ ಮಹಡಿಯಿಂದ ಶುರುಮಾಡಿ ಕೆಳಗಿಳಿಯುತ್ತ ಬಂದ. ಎಲ್ಲರೂ ಅಂಗಳಕ್ಕೆ ಇಳಿದು, ಬೆಂಚುಗಳ ಮೇಲೆ ಕೂತು, ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದರು. ನಾನು ಅವನ ಹಿಂದೆ ಬೀಗದ ಕೈಗಳ ಗೊಂಚಲು ಹಿಡಿದುಕೊಂಡು ನಡೆದೆ.

ಮೂರನೇ ಮಹಡಿಯ ಎಡಗಡೆಯ ಬಾಗಿಲ ಮುಂದೆ ನಿಂತು, "ಈ ಮನೆ ಬಿಡಪ್ಪ," ಎಂದೆ. "ಸಾವಾಗಿದೆ."

ಅವನು ಮುಖವಾಡ ಮೇಲೆತ್ತಿದ. "ಫೋನಲ್ಲಿ ಏನ್ ಹೇಳಿದ್ದೆ ನಾನು?"

"ಎರಡು ವಾರದ ಮಾತು."

"ಎರಡು ವಾರಕ್ಕೆ ಇದೊಂದು ಮನೇಲಿ ಎಷ್ಟಾಗ್ತವೆ ಗೊತ್ತಾ ಯಜಮಾನ್ರೇ? ಮೇಲಿನ ಎರಡು ಮಹಡಿಯವು ಈಗಾಗಲೇ ಗೋಡೆ ಒಳಗೆ ಇಳಿದು ಇಲ್ಲಿಗೆ ಬಂದಿವೆ. ಕಿವಿ ಕೊಟ್ಟು ಕೇಳಿ." ಬಾಗಿಲಿಗೆ ಕಿವಿಯಿಟ್ಟೆ. ನನಗೇನೂ ಕೇಳಿಸಲಿಲ್ಲ. "ಸರಿ, ಬಿಡ್ತೀನಿ. ಕೆಳಗಡೆ ಹೋಗಿ ಎಲ್ಲಾರ ಮುಂದೆ ನೀವೇ ಹೇಳ್ಬಿಡಿ, ಈ ಮನೆ ಬಿಟ್ಟಿದ್ದು ನಿಗಾಯ್ ಅಲ್ಲ, ನಾನು ಅಂತ. ಬರೆದುಕೊಡಿ ಬೇಕಾದ್ರೆ."

ಮೆಟ್ಟಿಲ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಯ್‌ನಾಶ್ ಕೂಸನ್ನು ಎತ್ತಿ ನನಗೆ ತೋರಿಸಿ, ಅದರ ಕೈ ಹಿಡಿದು ಬೀಸಿಸಿದಳು. ನಾನು ಬಾಗಿಲು ತೆರೆದೆ.

ನಿಗಾಯ್ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟ. "ಆ ದೀಪ ಆರಿಸಿ."

"ಅದು ಆರಿಸೋ ಹಾಗಿಲ್ಲ."

"ಇದು ಹೊತ್ಕೊಳೋ ಔಷಧಿ. ದೀಪ ಇಟ್ಕೊಂಡು ಹೊಡೆದ್ರೆ ಇನ್ನೊಂದು ನಲವತ್ತು ದಿನ ನಮ್ಮಿಬ್ಬರಿಗೂ ಹಚ್ಬೇಕಾಗತ್ತೆ."

ದೀಪವನ್ನು ಬೇರೆ ಕಡೆಗೆ ಒಯ್ಯೋಣವೆಂದೆ. ಮನೆ ಬಿಟ್ಟು ಹೊರಗೆ ಒಯ್ದರೆ ಆರಿಸಿದ್ದಕ್ಕಿಂತ ಕೆಟ್ಟದ್ದೆಂದು ನನಗೇ ನೆನಪಾಯಿತು. ಸಪಾರ್ಗಲಿ ಬದುಕಿದ್ದರೆ ನಿಗಾಯ್ ಪರವೇ ಮಾತಾಡುತ್ತಿದ್ದ. ಅನಿಲವಿರುವಲ್ಲಿ ಕಿಡಿ ಇರಬಾರದೆಂಬುದು ಅವನ ಏಕೈಕ ಸಿದ್ಧಾಂತ. ಆ ಸಿದ್ಧಾಂತದ ಆಸರೆಯಲ್ಲಿ ನಾನು ಬಗ್ಗಿ, ಹುಟ್ಟುಹಬ್ಬದ ಮೇಣದಬತ್ತಿ ಊದುವವನ ಹಾಗೆ, ಉಫ್ ಎಂದೆ. ಬತ್ತಿಯ ತುದಿಯಿಂದ ಸಣ್ಣ ಹೊಗೆ ಎದ್ದು ಕಿಟಕಿಯ ಕಡೆ ತಿರುಗಿತು.

ನಿಗಾಯ್ ಕೊಳವೆಯ ಹಿಂದೆ, ಒಲೆಯ ಕೆಳಗೆ, ಮಂಚದ ಸಂದಿನಲ್ಲಿ ನಿಧಾನವಾಗಿ, ಗೋಡೆಗೆ ಬಣ್ಣ ಹೊಡೆಯುವವನ ನಾಜೂಕಿನಿಂದ ಹೊಡೆದ. ಹೊರಗೆ ಬಂದ ಮೇಲೆ ನಾನು ಕೇಳಿದೆ, ಸುಮ್ಮನಿರಲಾಗದೆ:

"ನಿನಗೆ ಏನೂ ಅನ್ನಿಸಲ್ವಾ?"

"ಹದಿನೇಳು ವರ್ಷ ಆಯ್ತು ಯಜಮಾನ್ರೇ."

"ನಿಮ್ಮನೇಲಿ ಒಂದೂ ಇರಲಿಕ್ಕಿಲ್ಲ."

"ಬೇಕಾದಷ್ಟಿವೆ," ಎಂದ. "ಮನೆಗೆ ಹೋದ್ಮೇಲೂ ಅದೇ ಕೆಲಸ ಮಾಡೋಕೆ ಮನಸ್ಸು ಬರಲ್ಲ. ನಾನು ಚಹಾ ಕುಡೀವಾಗ ಅವೂ ಓಡಾಡ್ಕೊಂಡಿರ್ತವೆ. ಹೆಂಡತಿ ಬೈತಾಳೆ. ಒಂದು ಗಂಟೆ ಬಿಟ್ಟು ಕಿಟಕಿ ತೆಗೀರಿ. ಬರಿಗೈಲಿ ಏನೂ ಮುಟ್ಬೇಡಿ."

ಒಂದು ಗಂಟೆಯ ಮೇಲೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ಕಿಟಕಿ ತೆರೆದೆ. ಅಡುಗೆಮನೆಯ ನೆಲ ಯಾರೋ ಕಂದು ಬಣ್ಣದ ಬೀನ್ಸ್ ಚೆಲ್ಲಿದಂತಿತ್ತು. ಕೆಲವು ಇನ್ನೂ ಬೆನ್ನ ಮೇಲೆ ಬಿದ್ದು ಕಾಲಾಡಿಸುತ್ತಿದ್ದವು. ಅವಳು ಬರುವ ಮೊದಲು ಗುರುತು ಸಿಗದಂತೆ ಮಾಡಬೇಕಿತ್ತು. ಪೊರಕೆ ತೆಗೆದುಕೊಂಡೆ. ಮಂಚದ ಕೆಳಗೆ, ಕಪಾಟಿನ ಹಿಂದೆ, ಮೊಣಕಾಲೂರಿ ಗುಡಿಸಿದೆ. ಅಚ್ಚಿಗೆ ಹೋಗುವ ಮುನ್ನ ಕೊನೆಯ ಪುಟ ನೋಡುವವನಂತೆ ಮತ್ತೊಮ್ಮೆ ಮೂಲೆಮೂಲೆ ನೋಡಿದೆ.

ಆಗ ಬಿಸಿನೀರಿನ ಕೊಳವೆಯ ಗುಂಟ ಒಂದು ಇಳಿದು ಬಂತು. ನೆಟ್ಟಗೆ ನಡೆಯಲಾಗುತ್ತಿರಲಿಲ್ಲ; ಮೂರು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು. ಎಡಗಡೆಯ ಮೀಸೆ ಅರ್ಧಕ್ಕೆ ಮೋಟು. ಮೇಜಿನ ಅಂಚಿಗೆ ದಾಟಿ, ಮಂಚದ ತಲೆಯ ಕಡೆಗೆ ಬಂದು, ಅಲ್ಲಿ ಸುತ್ತ ತಡವರಿಸಿ, ಕಾಲು ಜಾರಿ ಮಗುಚಿಕೊಂಡಿತು.

ಚಪ್ಪಲಿ ಕಾಲಲ್ಲೇ ಇತ್ತು. ಒಂದು ಏಟು ಹಾಕಿದ್ದರೆ ಮುಗಿಯುತ್ತಿತ್ತು, ಅದು ಕರುಣೆಯೂ ಆಗಿರುತ್ತಿತ್ತು. ನನ್ನ ಕೈಯಲ್ಲಿ ಆಗಲಿಲ್ಲ. ಪೊರಕೆಯಲ್ಲಿ ತಳ್ಳಿಕೊಂಡು ಹೋಗುವುದೂ ಆಗಲಿಲ್ಲ. ಹದಿನಾಲ್ಕೂ ಮನೆಗಳಲ್ಲಿ ಇಂಥವು ಸಾವಿರಗಟ್ಟಲೆ ಸತ್ತದ್ದಕ್ಕೆ ನನಗೆ ಏನೂ ಅನಿಸಿರಲಿಲ್ಲ, ನನ್ನ ಮನೆಯಲ್ಲಂತೂ ಸಂತೋಷವೇ ಆಗಿತ್ತು. ಇದೊಂದಕ್ಕೆ ಹೆಸರಿತ್ತು. ಸ್ಟೂಲು ಎಳೆದುಕೊಂಡು ಕೂತೆ. ಎದ್ದುಹೋಗುವುದು ಸರಿಯಲ್ಲ ಅನ್ನಿಸಿತು. ಇಂಥದ್ದೆಲ್ಲ ನನಗೆ ತಡವಾಗಿಯೇ ಅನ್ನಿಸುವುದು. ಇಪ್ಪತ್ತು ನಿಮಿಷದ ಮೇಲೆ ಅದು ಕಾಲುಗಳನ್ನು ಮಡಿಚಿಕೊಂಡಿತು. ಅದನ್ನು ಬೇರೆಯಾಗಿ ಒಂದು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡು, ಉಳಿದವನ್ನು ಕಸದ ಡಬ್ಬಿಗೆ ಸುರಿದೆ. ಜೇಬಿನದನ್ನು ಅಂಗಳದ ಪಾಪ್ಲರ್ ಮರದ ಬುಡದಲ್ಲಿ ಬಿಟ್ಟೆ. ಹೂಳಿದೆ ಎನ್ನಲು ನಾಚಿಕೆ, ಮಣ್ಣು ಮುಚ್ಚಿದೆ.

ಆಮೇಲೆ ಬತ್ತಿ ಹಚ್ಚಿದೆ. ಮೂರು ಕಡ್ಡಿ ಬೇಕಾದವು. ಎರಡು ಗಂಟೆ ಆ ಮನೆಯಲ್ಲಿ ಬೆಳಕಿರಲಿಲ್ಲ.

ಸಂಜೆ ಐದಕ್ಕೆ ರಾಬಿಗಾ ಬಂದಳು. ಬೀಗದ ಕೈ ಕೊಟ್ಟೆ.

"ದೀಪ?"

"ಉರೀತಿದೆ." ಆ ಗಳಿಗೆಗೆ ಅದು ನಿಜ.

ಅವಳು ಮೂಗು ಅರಳಿಸಿದಳು. "ಏನೋ ಔಷಧಿ ವಾಸನೆ."

"ಇಡೀ ಮೆಟ್ಟಿಲಸಾಲೇ ಹಂಗಿದೆ ಅತ್ತಿಗೆ."

"ಪಾಪದವು," ಎಂದಳು. "ಎಲ್ಲಾ ನಮ್ಮನೆಗೇ ಬಂದಿರ್ತವೆ. ಒಂದೆರಡು ರೊಟ್ಟಿ ಜಾಸ್ತಿ ಕರೀಬೇಕು." ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಕಟ್ಟಡದಲ್ಲಿ ಹಬ್ಬ. ಅಯ್‌ನಾಶ್‌ಳ ಕೂಸಿನ ಕಿವಿಯ ಹತ್ತಿ ಹೋಯಿತು. ಅವಳು ನನಗೆ ಎಲೆಕೋಸಿನ ಕಡುಬು ತಂದುಕೊಟ್ಟು, "ನೀವು ನಮ್ಮ ಪಾಲಿಗೆ ಸೇನಾಪತಿ ಅಗಾ," ಎಂದಳು. ಲಿದಿಯಾ ಪಾವ್ಲೊವ್ನಾ ತಮ್ಮ ಕೋಣೆಗೆ ಮತ್ತೆ ಯಾರೂ ಬರುತ್ತಿಲ್ಲವೆಂದು, ಕೊಂಚ ಬೇಸರದಿಂದಲೇ ಎನ್ನಬೇಕು, ವರದಿ ಮಾಡಿದರು. ಮೂರನೇ ಮಹಡಿಯಿಂದ ಮಾತ್ರ ಸುದ್ದಿ ಬರಲಿಲ್ಲ. ಮಂಗಳವಾರದಿಂದ ಎಣ್ಣೆಯ ಘಮವೂ ನಿಂತಿತು.

ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ, ಅವಳೇ ಹೇಳಿಕಳಿಸಿದಳು. ಹೋದೆ. ಹಿಂದಿನ ವಾರಕ್ಕಿಂತ ಇಳಿದುಹೋಗಿದ್ದಳು. ಮೇಜಿನ ಮೂಲೆಯಲ್ಲಿ, ಮಂಚದ ತಲೆಯ ಕಡೆ, ಒಂದು ತಟ್ಟೆಯಲ್ಲಿ ಸಕ್ಕರೆ ಚೂರುಗಳು ಹಾಗೇ ಇದ್ದವು.

"ಕೆಂಪಿಂಕು, ನೀನು ಓದಿದವನು. ಒಂದು ಮಾತು ಹೇಳು. ಹೋದವರು ನಲವತ್ತು ತುಂಬೋಕೆ ಮುಂಚೇನೇ ಹೊರಟುಹೋಗ್ತಾರಾ?"

"ಎಲ್ಲಿಗೆ?"

"ಪೂರ್ತಿ. ಮನೆ ಬಿಟ್ಟು."

"ಹಂಗೇನೂ ಎಲ್ಲೂ ಬರೆದಿಲ್ಲ ಅತ್ತಿಗೆ."

"ಮುಲ್ಲಾನೂ ಅದನ್ನೇ ಹೇಳ್ದ. ಪುಸ್ತಕದಲ್ಲಿಲ್ಲ ಅಂದ, ಎರಡು ಬಟ್ಟಲು ಚಹಾ ಕುಡಿದ, ಹೋದ." ಅವಳು ತಟ್ಟೆಯನ್ನು ನೋಡಿದಳು. "ಅವ್ರು ಹೋಗಿದಾರೆ. ನನಗೆ ಗೊತ್ತು. ಶನಿವಾರದಿಂದ ಒಂದೂ ಬಂದಿಲ್ಲ. ಒಂದೂ. ಮೇಲಿನವು ಕೆಳಗಿನವು ಎಲ್ಲಾ ಇಲ್ಲಿಗೆ ಬರಬೇಕಿತ್ತು, ನಮ್ಮನೇವೂ ಇಲ್ಲ. ಮನೆಯಿಂದ ಯಜಮಾನ್ರು ಹೊರಟ್ರೆ ಸಣ್ಣಪುಟ್ಟವೂ ಹಿಂದೇನೇ ಹೊರಡ್ತವೆ ಅಂತ ನಮ್ಮಮ್ಮ ಹೇಳೋಳು. ನಾನು ನಂಬಿರ್ಲಿಲ್ಲ."

"ಅತ್ತಿಗೆ..."

"ಕೇಳಿಲ್ಲಿ. ಅವ್ರ ಕೊನೇ ವಾರದಲ್ಲಿ ನಾನು ಒಂದನ್ನ ಹೊಡೆದೆ. ರಾತ್ರಿ ಪೂರ್ತಿ ನಿದ್ದೆ ಇರ್ಲಿಲ್ಲ, ಬೆಳಿಗ್ಗೆ ಅವ್ರ ಹೊದಿಕೆ ಮೇಲೇ ಓಡಾಡ್ತಿತ್ತು. ಕೋಪ ಬಂತು. ಅವ್ರ ಕಣ್ಣೆದುರಿಗೇ ಚಪ್ಪಲೀಲಿ ಹೊಡೆದೆ. ಅವ್ರು ಏನೂ ಅನ್ನಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ರು. ಆಮೇಲೆ ನನ್ನ ಜೊತೆ ಸರಿಯಾಗಿ ಮಾತೇ ಆಡ್ಲಿಲ್ಲ. ಉಸಿರಿರ್ಲಿಲ್ಲ, ಅದಕ್ಕೇ ಆಡ್ಲಿಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಈ ನಲವತ್ತು ದಿನ ಒಂದು ಜೀವಾನೂ ನೋಯಿಸದೆ ಇದ್ರೆ ನೋಡ್ತಾರೆ,  ಕ್ಷಮಿಸಿ ಹೋಗ್ತಾರೆ ಅಂದ್ಕೊಂಡೆ." ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ಕಾಯಲಿಲ್ಲ. ಮುನಿಸ್ಕೊಂಡೇ ಹೋಗ್ಬಿಟ್ರು. ನಲವತ್ತೈದು ವರ್ಷ ಆದ್ಮೇಲೆ."

ಆಗ ಸುಮ್ಮನಿರಬಹುದಿತ್ತು. ಬದುಕಿರುವವರಿಗೆ ಸಮಾಧಾನವಾಗುವ ಮಾತುಗಳು ನನ್ನ ಬಳಿ ಸಾಕಷ್ಟಿದ್ದವು. ನಾಲ್ಕು ದೊಡ್ಡ ಗ್ರಂಥಗಳಿಂದ ಉದಾಹರಣೆ ಕೊಡಬಲ್ಲವನಾಗಿದ್ದೆ. ಅವಳು ಆ ತಟ್ಟೆಯನ್ನು ಎತ್ತಿ, ಸಕ್ಕರೆಯನ್ನು ಮತ್ತೆ ಡಬ್ಬಿಗೆ ಸುರಿಯಲು ಹೊರಟಳು.

"ಅವು ಹೋಗ್ಲಿಲ್ಲ ಅತ್ತಿಗೆ," ಎಂದೆ. "ನಾನು ಕೊಲ್ಲಿಸಿದೆ."

ತಟ್ಟೆ ಕೈಯಲ್ಲೇ ಇತ್ತು. "ಯಾವತ್ತು?"

"ಅವತ್ತೇ. ನೀವು ಗೋರಿ ಹತ್ರ ಹೋಗಿದ್ರಲ್ಲ. ಔಷಧಿಯವನನ್ನ ಒಳಗೆ ಬಿಟ್ಟೋನು ನಾನೇ. ಆಮೇಲೆ ಗುಡಿಸಿದೆ."

"ಎಲ್ಲಾನೂ?"

"ಎಲ್ಲಾನೂ."

"ಮೋಟು ಮೀಸೇದು?"

"ಅದೂ. ಅದು ಸಾಯೋವರೆಗೂ ನಾನು ಇಲ್ಲೇ ಕೂತಿದ್ದೆ."

ಈ ಕೊನೆಯ ಮಾತು ಯಾಕೆ ಹೇಳಿದೆನೋ. ನನ್ನ ಪರವಾಗಿ ಒಂದಾದರೂ ಸಾಕ್ಷಿ ಇರಲಿ ಎಂದಿರಬೇಕು. ಯಾರ ಪಕ್ಕದಲ್ಲಿ ಕೂರಬೇಕಾದವನು ಯಾರ ಪಕ್ಕ ಕೂತೆ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ.

"ದೀಪ?" ಎಂದಳು.

"ಆರಿಸಿದ್ದೆ. ಎರಡು ಗಂಟೆ."

ಅವಳು ಕುಳಿತುಕೊಂಡಳು. ಬತ್ತಿ ಚಿಟಿಚಿಟಿ ಅಂದಿತು.

"ಹಂಗಾದ್ರೆ ಅವ್ರು ಮುನಿಸ್ಕೊಂಡು ಹೋಗಿಲ್ಲ," ಎಂದಳು, ನನಗಲ್ಲ. ಮುಖದ ಬಿಗಿ ಸಡಿಲಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ದೇವರು ದೊಡ್ಡೋನು. ಮುನಿಸ್ಕೊಂಡಿಲ್ಲ."

ಎದ್ದು ಕೆಟಲಿನ ಬಳಿ ಹೋದಳು. ಬಟ್ಟಲು ತೊಳೆದಳು, ಹಾಲು ಹಾಕಿದಳು, ಚಹಾ ಸುರಿದಳು. ನಮ್ಮಲ್ಲಿ ಬೇಕಾದವರಿಗೆ ಬಟ್ಟಲಿನ ಕಾಲುಭಾಗವಷ್ಟೇ ಚಹಾ ಕೊಡುತ್ತಾರೆ, ಮುಗಿದಂತೆಲ್ಲ ಮತ್ತೆ ಮತ್ತೆ. ಆ ನೆಪದಲ್ಲಿ ಕೂತಿರಲಿ, ಮಾತಾಡಲಿ ಎಂದು. ಬಟ್ಟಲು ತುಂಬಿಸಿ ಕೊಟ್ಟರೆ, ಕುಡಿದು ಎದ್ದುಹೋಗು ಎಂದರ್ಥ. ಅವಳು ಅಂಚಿನವರೆಗೆ ತುಂಬಿಸಿದಳು, ಒಂದು ಹನಿಯೂ ಚೆಲ್ಲದಂತೆ, ನಿಧಾನವಾಗಿ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟಳು.

"ಬಿಸಿ ಇದೆ," ಎಂದಳು. "ನೋಡ್ಕೊಂಡು ಕುಡಿ."

ಕುಡಿದೆ. ಬಾಯಿ ಸುಟ್ಟಿತು. ಬಟ್ಟಲನ್ನು ಮಗುಚಿಟ್ಟು ಎದ್ದೆ.

ಇಪ್ಪತ್ತೆರಡನೇ ತಾರೀಖು ನಲವತ್ತರ ಊಟವಾಯಿತು. ಅವಳ ಮನೆ ಬಿಟ್ಟು ಮೂರನೇ ಬಾಗಿಲಿನ ಹದಿನಾಲ್ಕರಲ್ಲಿ ಹದಿಮೂರು ಮನೆಗಳಿಗೆ ಕರೆ ಹೋಗಿತ್ತು. ಜಿರಲೆಗಳು ಈಗ ಇಲ್ಲ.